ತಾಮ್ರದೂರಿನ ಬೊಂಡಾಸ

ಸಾಂತಾ ರೊಸಾಲಿಯಾದ ದಡ ಕಪ್ಪು.
ಕಡಲು ತಂದ ಕಪ್ಪಲ್ಲ ಅದು.
ನಮ್ಮಜ್ಜ, ಅವನಂಥವರು, ಬೆಟ್ಟ ಬಗೆದು ಕುಲುಮೆಗೆ ಹಾಕಿ
ತಾಮ್ರವನ್ನು ಫ್ರೆಂಚರ ಹಡಗಿಗೇರಿಸಿ
ಉಳಿದ ಕಿಟ್ಟವನ್ನು ತಂದು ಸುರಿದದ್ದು.
ಗಣಿ ಮುಚ್ಚಿತು. ಅಜ್ಜ ಕೆಮ್ಮಿ ಕೆಮ್ಮಿ ಮುಗಿದ.
ಅವನ ಪಾಲಿಗೆ ಬಂದದ್ದು ಒಂದು ಬೋಗುಣಿ,
ನಿಂಬೆ, ಉಪ್ಪು ಹಚ್ಚಿ ತಿಕ್ಕಿದರೆ ಇವತ್ತಿಗೂ ಕೆಂಪಗೆ ನಗುತ್ತದೆ.

ಆಮೇಲೆ ಕಡಲಿನ ಸರದಿ.
ಸೆಕೆಯ ಒಂದು ರಾತ್ರಿ ಕೊಲ್ಲಿಯ ತಳದಿಂದ
ಎದ್ದು ಬಂದವು ಆಳೆತ್ತರದ ಬೊಂಡಾಸಗಳು.
ಗಂಡಸರು ಕೆಂಪು ದೆವ್ವ ಎಂದರು.
ಹೆಂಗಸರು ಕೂಲಿ ಎಂದೆವು.

ಕ್ರಿಸ್ಪಿನ್ ಸಂಜೆ ಹೊರಡುತ್ತಿದ್ದ.
ದೋಣಿಯ ಮೂಗಿಗೊಂದು ಬಲ್ಬು, ಕಾರಿನ ಹಳೇ ಬ್ಯಾಟರಿ,
ನೂರು ಮಾರು ಹುರಿ, ಅದರ ತುದಿಗೆ
ಕೊಕ್ಕೆಗಳ ಕಿರೀಟ ತೊಟ್ಟ ಪ್ಲಾಸ್ಟಿಕ್ ದಂಟು.
ಬಲೆಯಿಲ್ಲ, ಎರೆಯಿಲ್ಲ,
ಬೆಳಕನ್ನು ತಿನ್ನಲು ಬಂದು ಸಿಕ್ಕಿಬೀಳುವ ಪ್ರಾಣಿ.
ಎಳೆದರೆ ಬಿಳಿ, ಸಿಟ್ಟಿಗೆ ಕೆಂಪು, ಮತ್ತೆ ಬಿಳಿ, ಮತ್ತೆ ಕೆಂಪು,
ಒಳಗೆ ಯಾವುದೋ ಮಗು ಕೂತು
ಸ್ವಿಚ್ಚು ಒತ್ತಿ ಒತ್ತಿ ಆಡುತ್ತಿರುವಂತೆ.
ಕೊನೆಗೆ ಮುಖಕ್ಕೇ ಒಂದು ಕೊಡ ನೀರು, ಮಸಿ.
ಬೆಳಗ್ಗೆ ಬಂದರೆ ಹುಬ್ಬಿನ ಕೂದಲಿಗೂ ಮಸಿ.
ಮುತ್ತಿಡಬೇಡ ಎನ್ನುತ್ತಿದ್ದೆ.
ಇಡುತ್ತಿದ್ದ.

ನಾನು ಕೊರಿಯದವರ ಕಾರ್ಖಾನೆಯಲ್ಲಿ.
ಮೊಣಕಾಲುದ್ದ ಬೂಟು, ನೆಲವೆಲ್ಲ ಲೋಳೆ.
ತಲೆ ಬೇರೆ, ರೆಕ್ಕೆ ಬೇರೆ, ಮೈಯೆಂಬ ಚೀಲ ಬೇರೆ,
ಕಿಲೋಗೆ ಇಷ್ಟು ಪೆಸೊ.
ಉಚ್ಚೆಯಂಥ ಆ ಘಾಟು ಮೂರು ಸಲ ಮಿಂದರೂ ಹೋಗದು,
ಮಗಳು ಬ್ರಿಹಿದಾ ಮೂಗು ಮುಚ್ಚಿಕೊಂಡೇ
ಮಡಿಲಲ್ಲಿ ಮಲಗುತ್ತಿದ್ದಳು.
ಅವಳ ಪುಸ್ತಕ, ಅವಳ ಬಿಳೀ ಕಾಲುಚೀಲ, ಎಲ್ಲ ಆ ಘಾಟಿನದೇ.

ಒಂದು ದಿನ ಅದೇ ಪುಸ್ತಕದಿಂದ ತಲೆಯೆತ್ತಿ ಅಂದಳು:
"ಅಮ್ಮಾ, ಅದಕ್ಕೆ ಮೂರು ಗುಂಡಿಗೆ.
ನೆತ್ತರು ನೀಲಿ. ಯಾಕೆ ಹೇಳು?
ನಮ್ಮದರಲ್ಲಿ ಕಬ್ಬಿಣ, ಅದರದ್ದರಲ್ಲಿ ತಾಮ್ರ."

ಚಾಕು ಮಸೆಯುತ್ತಿದ್ದವಳು ನಿಂತೆ.
ಹದಿನಾಲ್ಕು ವರ್ಷ ಕೊಯ್ದಿದ್ದೆ, ನೀಲಿ ಕಂಡಿರಲಿಲ್ಲ.
ನಮ್ಮ ಮೇಜಿಗೆ ಬರುವಷ್ಟರಲ್ಲಿ
ಉಸಿರಿನ ಜೊತೆಗೇ ಬಣ್ಣ ಹೋಗಿರುತ್ತಿತ್ತು.
ಹಾಗಾದರೆ ಅಜ್ಜನದೂ ಕ್ರಿಸ್ಪಿನ್‌ನದೂ ಒಂದೇ ಕಸುಬು.
ಒಬ್ಬ ಹಣೆಗೆ ದೀಪ ಕಟ್ಟಿಕೊಂಡು ಇಳಿದ,
ಇನ್ನೊಬ್ಬ ದೀಪ ಕಟ್ಟಿ ಮೇಲೆಯೇ ಕಾದ.

ಆಮೇಲೊಂದು ಚಳಿಗಾಲ ನೀರು ಬೆಚ್ಚಗಾಯಿತು.
ಬಂದವು. ಅಂಗೈಯಗಲ.
ಮರಿಗಳು, ಬಿಟ್ಟುಬಿಡೋಣ ಎಂದ ಕ್ರಿಸ್ಪಿನ್.
ಸೀಳಿ ನೋಡಿದೆ. ಹೊಟ್ಟೆ ತುಂಬ ಮೊಟ್ಟೆ.
ಬೆಳೆಯಲು ಪುರುಸೊತ್ತಿಲ್ಲದೆ ತಾಯಂದಿರಾಗಿದ್ದವು.
ನಮ್ಮ ಓಣಿಯಲ್ಲೂ ಅಂಥ ಹುಡುಗಿಯರಿದ್ದರು,
ಹೆಸರು ಹೇಳುವುದಿಲ್ಲ.

ಮರುವರ್ಷ ಅವೂ ಇಲ್ಲ.
ಕಾರ್ಖಾನೆಗೆ ಬೀಗ. ಐಸು ಅರೆಯುವ ಯಂತ್ರದೊಳಗೆ ಬೆಕ್ಕು ಮರಿಹಾಕಿದೆ.
ಕ್ರಿಸ್ಪಿನ್ ದಕ್ಷಿಣದ ಯಾವುದೋ ಹೋಟೆಲಿನಲ್ಲಿ
ಪ್ರವಾಸಿಗಳ ದೋಣಿ ಒರೆಸುತ್ತಾನೆ.
ತಿಂಗಳಿಗೊಮ್ಮೆ ಬರುತ್ತಾನೆ, ಸಾಬೂನಿನ ವಾಸನೆ.
ಮಸಿಯಿಲ್ಲದ ಹುಬ್ಬು
ನರೆತಿರುವುದು ಈಗ ಕಾಣುತ್ತದೆ.

ಬೆಟ್ಟದ ಕಡೆಯಿಂದ ಮತ್ತೆ ಸಿಡಿಮದ್ದಿನ ಸದ್ದು.
ತಾಮ್ರ ಇನ್ನೂ ಇದೆಯಂತೆ.

ಕಿಟಕಿಯ ಮೊಳೆಗೆ ಆ ದಂಟನ್ನು ತೂಗುಹಾಕಿದ್ದೇನೆ,
ಕೊಕ್ಕೆಗಳೆಲ್ಲ ತುಕ್ಕು.
ದೀಪ ಆರಿಸಿದ ಮೇಲೂ, ಕುಡಿದಷ್ಟು ಬೆಳಕನ್ನು
ಸ್ವಲ್ಪ ಹೊತ್ತು ಉಗುಳುತ್ತಿರುತ್ತದೆ, ಹಸಿರಾಗಿ.
ಕೆಳಗೆ ಬೋಗುಣಿಯ ಕಿಲುಬೂ ಅದೇ ಹಸಿರು.
ನಿಂಬೆ ಹಚ್ಚಿ ತಿಕ್ಕಬೇಕು. ನಾಳೆ.
ಇವತ್ತು ಮಲಗಿಕೊಂಡೇ ನೋಡುತ್ತೇನೆ,
ಈ ಕತ್ತಲು ಅದನ್ನು ಕಚ್ಚೀತೇ ಎಂದು.